ಕೈ ಓಡಿತು, ತಂತಿ ನುಡಿಯಿತೇ?

“ಅಬ್ಬಾ, ಕೈ ಎಷ್ಟು ಓಡುತ್ತೆ ನೋಡ್ರೀ!” ವೀಣೆ ಕಛೇರಿ ಮುಗಿಸಿ ಚಪ್ಪಲಿ ಹುಡುಕಿಕೊಳ್ಳುವಾಗ ನಮ್ಮ ಊರುಗಳಲ್ಲಿ ಕೇಳಿಬರುವ ಅತಿ ದೊಡ್ಡ ಹೊಗಳಿಕೆ ಇದು. ನುಡಿಸಿದವಳು ಚಿಕ್ಕ ವಯಸ್ಸಿನ ಹುಡುಗಿಯಾಗಿದ್ದರಂತೂ ಇದನ್ನು ಬಿಟ್ಟು ಬೇರೆ ಮಾತೇ ಇಲ್ಲ. ರಾಗ ಕಣ್ಣಿಗೆ ಕಟ್ಟಿತೇ, ಮಂದ್ರದ ತಂತಿ ಎದೆಗೆ ತಾಗಿತೇ, ಒಂದು ಮೀಟಿನ ನಾದ ಎಷ್ಟು ಹೊತ್ತು ನಿಂತಿತು ಎಂದು ಯಾರೂ ಕೇಳುವುದಿಲ್ಲ. ಕೈ ಓಡಿದರಾಯಿತು. ಓಡುವುದೇ ದೊಡ್ಡಸ್ತಿಕೆಯಾದರೆ ವೀಣೆಗಿಂತ ಹೊಲಿಗೆ ಯಂತ್ರವೇ ವಾಸಿ. ಕೊನೆಗೆ ಒಂದು ಲಂಗವಾದರೂ ಸಿದ್ಧವಾಗುತ್ತದೆ.

ನಾನು ವಿದುಷಿಯಲ್ಲ. ಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ಸೀನಿಯರ್ ಪರೀಕ್ಷೆಯವರೆಗೆ ವೀಣೆ ಕಲಿತು, ಆಮೇಲೆ ಮನೆಮಟ್ಟಿಗೆ ನುಡಿಸಿಕೊಂಡು, ಮೂವತ್ತು ವರ್ಷಗಳಿಂದ ಮಕ್ಕಳು ನುಡಿಸುವುದನ್ನು ಕೇಳುತ್ತ ಬಂದವಳು. ಆದ್ದರಿಂದ ಈ ಮಾತನ್ನು ಕೇಳುವವಳ ಹಕ್ಕಿನಿಂದ ಆಡುತ್ತಿದ್ದೇನೆ. ಸಾರಿಗೆ ಉಪ್ಪು ಸಾಲದು ಎನ್ನಲು ಅಡುಗೆ ಭಟ್ಟರೇ ಆಗಬೇಕಾಗಿಲ್ಲವಷ್ಟೆ. ನನ್ನ ವಾದ ಇಷ್ಟೇ: ವೀಣೆಯಲ್ಲಿ ನಾದ ಮೊದಲು, ಕೈಚಳಕ ಆಮೇಲೆ. ನಾವು ಈ ಕ್ರಮವನ್ನು ತಿರುಗುಮುರುಗು ಮಾಡಿಕೊಂಡಿದ್ದೇವೆ. ಅದರಿಂದ ಸಂಗೀತಕ್ಕೆ ಆಗಿರುವ ನಷ್ಟ ಒಂದು ಕಡೆಗಿರಲಿ, ನಮ್ಮ ಹೆಣ್ಣುಮಕ್ಕಳಿಗೆ ಆಗುತ್ತಿರುವ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಮೊದಲು ವೀಣೆ ಹೇಗೆ ನುಡಿಯುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಹಲಸಿನ ಮರದಲ್ಲಿ ಕೊರೆದ ಕೊಡ, ಅದಕ್ಕೆ ಸೇರಿದ ದಂಡಿ, ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಲೋಹದ ಮೆಟ್ಟಿಲು. ನುಡಿಸಲು 4 ತಂತಿ, ಪಕ್ಕದಲ್ಲಿ ತಾಳಕ್ಕೂ ಶ್ರುತಿಗೂ 3 ತಂತಿ. ನಾಲ್ಕರಲ್ಲಿ ಸಾರಣಿ ಮತ್ತು ಪಂಚಮ ತೆಳುವಾದವು. ಮಂದ್ರ, ಅನುಮಂದ್ರ ದಪ್ಪ ತಂತಿಗಳು. ಸಾರಣಿಯ ಷಡ್ಜ ಒಂದು ಗಳಿಗೆಯಲ್ಲಿ ಎಷ್ಟು ಸಲ ಕಂಪಿಸುತ್ತದೋ ಮಂದ್ರದ ಷಡ್ಜ ಅದರಲ್ಲಿ ಅರ್ಧದಷ್ಟು ಕಂಪಿಸುತ್ತದೆ. ಅನುಮಂದ್ರ ಅದಕ್ಕೂ ಕೆಳಗೆ. ಎಲ್ಲ ಸೇರಿ ಮೂರೂವರೆ ಸ್ಥಾಯಿ. ಇಷ್ಟು ಆಳಕ್ಕೆ ಇಳಿಯಬಲ್ಲ ವಾದ್ಯ ನಮ್ಮ ಕಛೇರಿಗಳಲ್ಲಿ ಹೆಚ್ಚಿಲ್ಲ.

ಇನ್ನು ಮೀಟು. ಪಿಟೀಲಿನಲ್ಲಿ ಕಮಾನು ಎಳೆಯುವವರೆಗೂ ನಾದವಿರುತ್ತದೆ, ಕೊಳಲಿನಲ್ಲಿ ಉಸಿರಿರುವವರೆಗೂ ಇರುತ್ತದೆ. ವೀಣೆಯಲ್ಲಿ ಮೀಟಿದ ಕ್ಷಣಕ್ಕೆ ಬಲಗೈಯ ಕೆಲಸ ಮುಗಿಯಿತು. ಹುಟ್ಟಿದ ನಾದ ಆಗಲೇ ಕರಗತೊಡಗುತ್ತದೆ. ಕರಗುತ್ತಿರುವ ಆ ನಾದದ ಒಳಗೇ ಎಡಗೈ ತಂತಿಯನ್ನು ಪಕ್ಕಕ್ಕೆಳೆದು, ಒಂದೇ ಮೆಟ್ಟಿಲಿನಲ್ಲಿ ಎರಡು ಮೂರು ಸ್ವರಗಳನ್ನು ತೆಗೆಯಬೇಕು, ಜಾರಬೇಕು, ತೂಗಬೇಕು. ತೋಡಿಯ ಗಾಂಧಾರ, ಕಾಂಬೋಜಿಯ ನಿಷಾದ ಎಲ್ಲವೂ ಹುಟ್ಟುವುದು ಹೀಗೆ. ಮೀಟಿದ ನಾದಕ್ಕೆ ಆಯುಸ್ಸಿದ್ದರೆ ಮಾತ್ರ ಇದು ಸಾಧ್ಯ. ಬಡಕಲು ನಾದವಾದರೆ ಗಮಕ ಅರ್ಧ ದಾರಿ ಹೋಗುವಷ್ಟರಲ್ಲಿ ಸದ್ದು ಅಡಗಿಹೋಗಿರುತ್ತದೆ. ಆಗ ನುಡಿಸುವವರು ಏನು ಮಾಡುತ್ತಾರೆ? ಮತ್ತೆ ಮೀಟುತ್ತಾರೆ. ಮತ್ತೂ ಮೀಟುತ್ತಾರೆ. ಒಂದು ಸ್ವರಕ್ಕೆ ಒಂದು ಮೀಟು, ಟಿಣ್ ಟಿಣ್ ಟಿಣ್. ದಾರ ಹರಿದ ಸರದ ಮಣಿಗಳಂತೆ ಸ್ವರಗಳು ನೆಲದ ಮೇಲೆ ಚೆಲ್ಲಾಡುತ್ತವೆ. ಕೇಳುವವರು ಆ ಸದ್ದಿಗೇ ಮೆಚ್ಚಿ “ಕೈ ಎಷ್ಟು ಓಡುತ್ತೆ!” ಎನ್ನುತ್ತಾರೆ. ಎಷ್ಟೋ ಸಲ ವೇಗವೆನ್ನುವುದು ನಾದದ ಬಡತನದ ಮೇಲೆ ಹೊದಿಸಿದ ಜರಿಶಾಲು ಎಂದು ನಾನು ಹೇಳುವುದು ಇದಕ್ಕೇ.

ಹಿಂದಿನವರೆಲ್ಲ ಸಂತರು, ಈಗಿನವರೆಲ್ಲ ಸುಮಾರು ಎನ್ನುವ ಗೊಣಗಾಟ ನನ್ನದಲ್ಲ. ಆದರೆ ಒಂದೆರಡು ಹೆಸರು ಹೇಳದೆ ವಾದ ಮುಂದೆ ಹೋಗುವುದಿಲ್ಲ. ಮದರಾಸಿನಲ್ಲಿ ವೀಣೆ ಧನಮ್ಮಾಳ್ ಎಂಬ ಹೆಣ್ಣುಮಗಳಿದ್ದರು (1867–1938). ಪ್ರತಿ ಶುಕ್ರವಾರ ಸಂಜೆ ಅವರ ಮನೆಯಲ್ಲೇ ವೀಣೆ. ಮೈಕಿಲ್ಲ, ಆರ್ಭಟವಿಲ್ಲ. ಉಗುರಿನಿಂದ ಮೆಲ್ಲಗೆ ಮೀಟಿ, ಜೊತೆಗೆ ತಾವೂ ಹಾಡಿಕೊಳ್ಳುತ್ತಿದ್ದರು. ನಾದ ಎಷ್ಟು ಮೆದುವೆಂದರೆ ಬಂದವರು ಮಾತಿಲ್ಲದೆ ಕೂತರಷ್ಟೇ ಕಿವಿಗೆ ದಕ್ಕುತ್ತಿತ್ತು. ದೊಡ್ಡ ದೊಡ್ಡ ವಿದ್ವಾಂಸರು ಆ ಮನೆಗೆ ಹೋಗಿ ತೆಪ್ಪಗೆ ಕೂತು ಕೇಳಿ ಬಂದರು. ಕೊನೆಗಾಲದಲ್ಲಿ ಆಕೆಗೆ ಕಣ್ಣು ಕಾಣಿಸುತ್ತಿರಲಿಲ್ಲ. ಆದರೂ ಆ ಶೈಲಿ ಅಳಿಯಲಿಲ್ಲ. ಮೊಮ್ಮಕ್ಕಳಾದ ಬೃಂದಾ, ಮುಕ್ತಾ ಅವರ ಹಾಡುಗಾರಿಕೆಯಲ್ಲೂ ಬಾಲಸರಸ್ವತಿಯವರ ನಾಟ್ಯದಲ್ಲೂ ಬೆಳೆಯಿತು. ಇವತ್ತಿನ ಯಾವುದಾದರೂ ಸ್ಪರ್ಧೆಗೆ ಆಕೆ ಬಂದು ಕೂತಿದ್ದರೆ ಸಮಾಧಾನಕರ ಬಹುಮಾನವಾದರೂ ಸಿಗುತ್ತಿತ್ತೋ ಇಲ್ಲವೋ, ನೀವೇ ಹೇಳಿ.

ನಮ್ಮ ಮೈಸೂರಿನ ಕಡೆಗೆ ಬನ್ನಿ. ವೀಣೆ ಶೇಷಣ್ಣನವರು (1852–1926), ಅವರ ನಂತರ ವೆಂಕಟಗಿರಿಯಪ್ಪನವರು, ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ಯರು (1920–1997). ಇದು ಒಂದು ದೊಡ್ಡ ಪರಂಪರೆ. ಮೀಟು ಸ್ಪಷ್ಟ, ಗಮಕ ಹಿತಮಿತ, ತಾನ ಅದರ ಕಿರೀಟ. ತಾನವೆಂದರೆ ವೇಗವೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ದೊರೆಸ್ವಾಮಿ ಅಯ್ಯಂಗಾರ್ಯರ ಧ್ವನಿಮುದ್ರಿಕೆಗಳು ಈಗಲೂ ಸಿಗುತ್ತವೆ. ತಾನ ನುಡಿಸುವ ಭಾಗವನ್ನು ಗಮನವಿಟ್ಟು ಕೇಳಿ. ಕೈ ಚೆನ್ನಾಗಿಯೇ ಓಡುತ್ತದೆ. ಆದರೆ ಒಂದೊಂದು ಮೀಟೂ ತುಂಬಿದ ಕೊಡ, ಎಲ್ಲೂ ತುಳುಕುವುದಿಲ್ಲ. ವೇಗದಲ್ಲೂ ನಾದ ತೆಳ್ಳಗಾಗದಂತೆ ನೋಡಿಕೊಳ್ಳುವುದು ಆ ಪರಂಪರೆಯ ಹೆಗ್ಗಳಿಕೆ. ಅವರಿಂದ ನಾವು ವೇಗವನ್ನಷ್ಟೇ ಎರವಲು ಪಡೆದು ಕೊಡವನ್ನು ಅಲ್ಲೇ ಬಿಟ್ಟು ಬಂದೆವು.

ಇದು ಎಲ್ಲಿ ಶುರುವಾಯಿತು? ನನ್ನನ್ನು ಕೇಳಿದರೆ, ನಮ್ಮ ನಡುಮನೆಯಲ್ಲೇ. ಸಾಯಂಕಾಲ ಪಾಠದ ಮನೆಯ ಜಗಲಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲು ಕಾಯುವ ತಾಯಂದಿರ ಮಾತು ಕೇಳಿ.

“ನಿಮ್ಮವಳದ್ದು ಎಲ್ಲಿಗೆ ಬಂತು?”

“ಅಲಂಕಾರ ಮುಗೀತು. ಗೀತೆ ನಡೀತಿದೆ.”

“ಇನ್ನೂ ಗೀತೇನೇ? ನಮ್ಮವಳು ಮೊನ್ನೆ ಎರಡನೇ ವರ್ಣ ಶುರು ಮಾಡಿದಳು.”

ಇಷ್ಟು ಕೇಳಿದ ಮೇಲೆ ಮೊದಲನೆಯವರಿಗೆ ಆ ರಾತ್ರಿ ಊಟ ಸೇರುತ್ತದೆಯೇ? ಮಾರನೆಯ ದಿನವೇ ಮೇಡಂ ಹತ್ತಿರ ಹೋಗಿ, “ಸ್ವಲ್ಪ ಬೇಗ ಬೇಗ ಮುಂದಕ್ಕೆ ಹಾಕಿ, ಮೇಡಂ” ಎನ್ನುತ್ತಾರೆ. ಮೇಡಮ್ಮಾದರೂ ಏನು ಮಾಡಿಯಾರು? ತಿಂಗಳ ಫೀಸಿನಲ್ಲಿ ಬದುಕುವವರು. ಮಗು ಸರಳೆ ವರಸೆಯನ್ನು ಮೂರು ಕಾಲದಲ್ಲಿ ಒಪ್ಪಿಸಿದರೆ ಮುಂದಕ್ಕೆ. ಅದರ ಮೀಟು ತಂತಿಗೆ ಸರಿಯಾಗಿ ತಾಗುತ್ತಿದೆಯೇ, ಬೆರಳು ಮೆಟ್ಟಿಲಿನ ಹಿಂದೆ ಬಿಗಿಯಾಗಿ ಕೂತಿದೆಯೇ ಎಂದು ನೋಡುತ್ತ ಕೂತರೆ ಆರು ತಿಂಗಳು ಅಲ್ಲೇ ಕಳೆದುಹೋಗುತ್ತದೆ. ತಾಯಿ ಬೇರೆ ಮೇಡಂ ಹುಡುಕಿಕೊಳ್ಳುತ್ತಾರೆ. ಪಾಠದ ಸಂಖ್ಯೆ ಎಣಿಸಲು ಬರುತ್ತದೆ, ವೇಗವನ್ನು ಗಡಿಯಾರ ಇಟ್ಟು ಅಳೆಯಲೂ ಬರುತ್ತದೆ. ನಾದವನ್ನು ಕಿವಿಯಿಂದಲೇ ಅಳೆಯಬೇಕು. ಅದಕ್ಕೆ ಪುರುಸೊತ್ತು ಬೇಕು.

ತರಗತಿಯಲ್ಲೂ ನಾನು ಇದನ್ನೇ ಕಂಡಿದ್ದೇನೆ. ಪದ್ಯ ಓದಿ ಎಂದರೆ ಕೆಲವು ಮಕ್ಕಳು ಕುಮಾರವ್ಯಾಸನ ಷಟ್ಪದಿಯನ್ನು ಬಸ್ಸು ತಪ್ಪಿಹೋಗುವವರಂತೆ ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತವೆ. ಒಂದು ಅಕ್ಷರ ತಪ್ಪಿರುವುದಿಲ್ಲ. ಹಿಂದಿನ ಬೆಂಚಿನ ಮತ್ತೊಂದು ಮಗು ನಿಧಾನವಾಗಿ, ಪದ ಎಲ್ಲಿ ಒಡೆಯಬೇಕು ಎಂದು ನೋಡಿಕೊಂಡು, ಭೀಮನ ಕೋಪ ಬಂದಲ್ಲಿ ದನಿ ಏರಿಸಿ ಓದುತ್ತದೆ. ಯಾರಿಗೆ ಪದ್ಯ ಗೊತ್ತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಗಮಕಿಗಳನ್ನು ಕೇಳಿ ಬೆಳೆದ ನಾಡಿನಲ್ಲಿ ಓದುವ ವಿಷಯಕ್ಕೆ ಇದನ್ನು ಎಲ್ಲರೂ ಒಪ್ಪುತ್ತಾರೆ. ವೀಣೆಯ ವಿಷಯಕ್ಕೆ ಬಂದಾಗ ಮಾತ್ರ ಬಸ್ಸು ಹಿಡಿಯಲು ಹೊರಟವರಿಗೇ ಹೂವಿನ ಹಾರ.

ಈಗ ಒಂದು ನಿಜವಾದ ಸಂಗತಿ ಹೇಳುತ್ತೇನೆ. ಊರು, ಹೆಸರು ಬೇಡ. ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಮಾತು ಕಡಿಮೆ, ಲೆಕ್ಕದಲ್ಲಿ ಸುಮಾರು. ಅಜ್ಜಿಯಿಂದ ಬಂದ ಹಳೆಯ ವೀಣೆಯೊಂದು ಮನೆಯಲ್ಲಿತ್ತು. ಅವಳು ಮಂದ್ರದ ತಂತಿಯನ್ನು ಒಂದು ಸಲ ಮೀಟಿದರೆ ಕೋಣೆಯಲ್ಲಿದ್ದವರು ಮಾತು ನಿಲ್ಲಿಸುತ್ತಿದ್ದರು. ಅತಿಶಯೋಕ್ತಿಯಲ್ಲ, ಶಾಲೆಯ ಶಾರದಾ ಪೂಜೆಯ ದಿನ ಪ್ರಸಾದಕ್ಕೆ ನೂಕಾಡುತ್ತಿದ್ದ ಏಳನೇ ತರಗತಿಯ ಗಂಡುಹುಡುಗರು ಸುಮ್ಮನಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವಳನ್ನು ಒಂದು ಸ್ಪರ್ಧೆಗೆ ಕಳಿಸಿದೆವು. ಚೌಕ ಕಾಲದಲ್ಲಿ ಒಂದು ಕೃತಿಯನ್ನು ನೆಮ್ಮದಿಯಾಗಿ ನುಡಿಸಿ ಬಂದಳು. ಬಹುಮಾನ ಮೂರು ಕಾಲಗಳಲ್ಲಿ ವರ್ಣವನ್ನು ಚಚ್ಚಿಹಾಕಿದ ಮಗುವಿಗೆ ಹೋಯಿತು. ಹೋಗಲಿ, ಬಹುಮಾನದ ಮಾತಲ್ಲ. ತೀರ್ಪುಗಾರರೊಬ್ಬರು ಎಲ್ಲರೆದುರು, “ಟೋನ್ ಏನೋ ಇದೆಯಮ್ಮಾ, ಆದರೆ ಕೈ ಓಡಲ್ಲ. ಸ್ಪೀಡ್ ಇಲ್ಲದ ಮೇಲೆ ಏನು ಪ್ರಯೋಜನ?” ಎಂದರು. ಆ ಹುಡುಗಿ ಮನೆಗೆ ಹೋಗಿ ವೀಣೆಗೆ ಗವಸು ಹಾಕಿದಳು. ಒಂದು ವರ್ಷದ ಮೇಲೆ ಅವರ ಮನೆಗೆ ಹೋಗಿದ್ದಾಗ ವೀಣೆ ಬೀರುವಿನ ಮೇಲೆ ಮಲಗಿತ್ತು. ಅದರ ಮೇಲೆ ದೀಪಾವಳಿಯ ಆಕಾಶಬುಟ್ಟಿ. ತಾಯಿ ನನ್ನ ಕೈಹಿಡಿದು, “ಹೇಳಿದ್ರೆ ಕೇಳಲ್ಲ ಟೀಚರ್, ‘ನಂಗೆ ಬರಲ್ಲ ಬಿಡಮ್ಮಾ’ ಅಂತಾಳೆ” ಎಂದು ಕಣ್ಣೊರೆಸಿಕೊಂಡರು.

ಬರುತ್ತದೆ ಎಂದು ಆ ಮಗುವಿಗೆ ಹೇಳಬೇಕಾದವರು “ಬರುವುದಿಲ್ಲ” ಎಂದು ಹೇಳಿ ಕಳಿಸಿದರು. ನನ್ನ ಸಿಟ್ಟಿನ ಮೂಲ ಇಲ್ಲಿದೆ. ಹತ್ತು ವರ್ಷ ಸಾಧನೆ ಮಾಡಿದರೂ ಎಲ್ಲರಿಗೂ ಒಲಿಯದ ಒಂದು ಗುಣ ಅವಳ ಬೆರಳಲ್ಲಿತ್ತು. ಇನ್ನೆರಡು ವರ್ಷದ ಅಭ್ಯಾಸದಲ್ಲಿ ಬರಬಹುದಾಗಿದ್ದ ವೇಗ ಇರಲಿಲ್ಲ. ಬರಬಹುದಾದ್ದು ಬಂದಿಲ್ಲವೆಂದು ಇದ್ದದ್ದನ್ನೂ ಕಳೆದೆವು. ಇಂಥ ಗವಸು ಹಾಕಿದ ವೀಣೆಗಳು ನಮ್ಮ ಪಟ್ಟಣಗಳ ಬೀರುಗಳ ಮೇಲೆ ಎಷ್ಟಿವೆಯೋ! ಮದುವೆಯಾಯಿತು, ಮಕ್ಕಳಾದರು, ಪುರುಸೊತ್ತಿಲ್ಲ ಎಂದು ನಾವು ಕಾರಣ ಕೊಡುತ್ತೇವೆ. ಆದರೆ ವೇಗಕ್ಕಾಗಿ ಕಲಿತದ್ದು ದಿನಕ್ಕೆ ಎರಡು ಗಂಟೆ ಸಾಧನೆ ತಪ್ಪಿದರೆ ಮೊದಲು ಕೈಬಿಡುತ್ತದೆ. ಕೈ ಓಡದಿದ್ದ ಮೇಲೆ ಮುಟ್ಟಲೂ ಮನಸ್ಸಾಗುವುದಿಲ್ಲ. ನಾದಕ್ಕಾಗಿ ಕಲಿತವಳು ಐವತ್ತು ದಾಟಿದ ಮೇಲೂ ಸಂಜೆ ದೀಪ ಹಚ್ಚಿ ಹತ್ತು ನಿಮಿಷ ಮೋಹನವನ್ನೋ ಶಂಕರಾಭರಣವನ್ನೋ ನುಡಿಸಿಕೊಂಡು ಎದ್ದರೆ ಮನಸ್ಸು ತುಂಬಿರುತ್ತದೆ. ಹೆಣ್ಣಿನ ಬದುಕಿನ ಜೊತೆಗೆ ಕೊನೆಯವರೆಗೆ ಬರುವುದು ಯಾವುದು ಎಂದು ಕಲಿಸುವ ಮೊದಲೇ ಯೋಚಿಸಬೇಡವೇ?

ಮೈಕಿನ ಮಾತೂ ಇದೆ. ಈಗ ವೀಣೆಯ ಮೈಗೇ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಬಂದಿದೆ. ದೊಡ್ಡ ಸಭೆಯಲ್ಲಿ ಮೃದಂಗ, ಘಟದ ಪಕ್ಕದಲ್ಲಿ ವೀಣೆ ಕೇಳಿಸಬೇಕಲ್ಲ, ಬೇಡವೆನ್ನಲಾರೆ. ಆದರೆ ಗುಂಡಿ ತಿರುಗಿಸಿದರೆ ಸದ್ದು ಹೆಚ್ಚುತ್ತದೆ, ನಾದ ಹೆಚ್ಚುವುದಿಲ್ಲ. ಮೆಲ್ಲಗೆ ತಾಗಿಸಿದರೂ ಗಟ್ಟಿಯಾಗಿ ಕೇಳಿಸುವುದರಿಂದ ಮೀಟಿನಲ್ಲಿ ಕಸುವು ಬೆಳೆಸಿಕೊಳ್ಳುವ ಅಗತ್ಯವೇ ಮಕ್ಕಳಿಗೆ ಕಾಣದಂತಾಗಿದೆ. ಮೊಬೈಲ್ ಫೋನಿನದು ಇನ್ನೊಂದು ಕಥೆ. ಅರ್ಧ ನಿಮಿಷದ ವೀಡಿಯೋದಲ್ಲಿ ಬೆರಳು ಓಡುವುದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಆ ಪುಟ್ಟ ಸ್ಪೀಕರಿಗೆ ಮಂದ್ರ, ಅನುಮಂದ್ರದ ಆಳದ ಕಂಪನವನ್ನು ಹೊರಡಿಸುವ ಶಕ್ತಿಯಿಲ್ಲ. ವೀಣೆಯ ಕೆಳಗಿನ ಅರ್ಧ ಅಲ್ಲಿಗೆ ತಲುಪುವುದೇ ಇಲ್ಲ. ಅದನ್ನೇ ನೋಡಿ ಬೆಳೆದ ಮಗು ವೀಣೆಯೆಂದರೆ ಸಾರಣಿಯ ಕಿಣಿಕಿಣಿ ಎಂದುಕೊಂಡರೆ ಅದರ ತಪ್ಪೇನು?

ನನ್ನ ಮಾತಿಗೆ ಎದುರು ಮಾತುಗಳಿವೆ, ಗೊತ್ತು. ಮೊದಲನೆಯದು: “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಕೈ ಓಡದವರು ನಾದ ನಾದ ಅಂತಾರೆ.” ಇದರಲ್ಲಿ ಸುಳ್ಳಿಲ್ಲ. ಶ್ರುತಿ ಸೇರದ ತಂತಿಯನ್ನು ನಿಧಾನವಾಗಿ ಎಳೆದು ಕಣ್ಣು ಮುಚ್ಚಿ ಕೂತರೆ ಅದು ನಾದೋಪಾಸನೆಯಾಗುವುದಿಲ್ಲ. ಸೋಮಾರಿತನಕ್ಕೆ ಹಚ್ಚಿದ ವಿಭೂತಿಯಾಗುತ್ತದೆ. ಎರಡನೆಯದು: “ನಾದ ಹುಟ್ಟಿನಿಂದ ಬರಬೇಕು, ವೇಗವನ್ನಾದರೆ ಕಲಿಸಬಹುದು. ಕಲಿಸಬಹುದಾದ್ದನ್ನು ಕಲಿಸುತ್ತೇವೆ.” ಇದನ್ನು ನಾನು ಒಪ್ಪುವುದಿಲ್ಲ. ಕೆಲವರಿಗೆ ಬೇಗ ಒಲಿಯುತ್ತದೆ, ನಿಜ. ಆದರೆ ನಾದವೂ ಕೆಲಸದಿಂದಲೇ ಆಗುವಂಥದು. ಕುದುರೆಯ ತೀರಾ ಹತ್ತಿರ ಮೀಟಿದರೆ ಸದ್ದು ಚೂಪು, ಸ್ವಲ್ಪ ದೂರ ಸರಿದರೆ ದುಂಡು. ಉಗುರು ತಂತಿಯನ್ನು ಯಾವ ಓರೆಯಲ್ಲಿ ದಾಟುತ್ತದೆ, ಎಡಗೈ ಬೆರಳು ಮೆಟ್ಟಿಲಿಗೆ ಎಷ್ಟು ಒತ್ತಿಕೊಂಡಿದೆ, ಮೇಣ ಸಡಿಲವಾಗಿ ಮೆಟ್ಟಿಲು ಅಲುಗುತ್ತಿದೆಯೇ, ತಂತಿಗೆ ತುಕ್ಕು ಹಿಡಿದಿದೆಯೇ – ಒಂದೊಂದನ್ನೂ ಕಲಿಸಬಹುದು, ತಿದ್ದಬಹುದು. ತಂತಿಯನ್ನು ಎಳೆದು ಸ್ವರದ ನೆತ್ತಿಗೆ ಸರಿಯಾಗಿ ಮುಟ್ಟಿಸುವುದಕ್ಕೆ ಬೇಕಾದ ಕೌಶಲ ಓಡಿಸುವ ಕೌಶಲಕ್ಕಿಂತ ಹೆಚ್ಚಿನದೇ. ಈ ಕೌಶಲ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಮನೆಯಲ್ಲಿ ನಾವು ಮಾಡುವ ಮುಕ್ಕಾಲು ಪಾಲು ಕೆಲಸವೂ ಕಣ್ಣಿಗೆ ಕಾಣುವುದಿಲ್ಲ. ಹಾಗೆಂದು ಅದು ಕೆಲಸವಲ್ಲವೇ?

ಈ ಜಗಳ ನಮ್ಮ ವೀಣೆಗೆ ಮಾತ್ರ ಅಂಟಿದ್ದಲ್ಲ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಬೇಸ್ ಗಿಟಾರ್ ನುಡಿಸುತ್ತಾನೆ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಕೆಳಗಿನ ಸ್ವರಗಳನ್ನು ಹೊತ್ತು ನಿಲ್ಲುವ, ದಪ್ಪ ತಂತಿಯ ವಾದ್ಯ. ನಮ್ಮ ಮಂದ್ರ, ಅನುಮಂದ್ರ ತಂತಿಗಳಷ್ಟನ್ನೇ ಬೇರೆ ತೆಗೆದು ಒಂದು ವಾದ್ಯ ಮಾಡಿದ ಹಾಗೆ. “ಅತ್ತೆ, ನಮ್ಮಲ್ಲೂ ಇದೇ ಜಗಳ. ಟೋನ್ ಮುಖ್ಯವಾ, ಟೆಕ್ನಿಕ್ ಮುಖ್ಯವಾ ಅಂತ ರಾತ್ರಿಯೆಲ್ಲ ಹೊಡೆದಾಡ್ತೀವಿ” ಎಂದ. ಅಮೆರಿಕದ ಡೆಟ್ರಾಯ್ಟಿನ ಜೇಮ್ಸ್ ಜೇಮರ್ಸನ್ (1936–1983) ಎಂಬ ಕಪ್ಪು ಜನಾಂಗದ ಕಲಾವಿದನ ಕಥೆ ಹೇಳಿದ. 1960ರ ದಶಕದಲ್ಲಿ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯ ಎಷ್ಟೋ ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದ್ದು ಇವರೇ. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರಂತೆ. ತಂತಿ ಹರಿದರಷ್ಟೇ ಬದಲಿಸುತ್ತಿದ್ದರಂತೆ. ಹಳೆಯ ತಂತಿಯ ಆ ದುಂಡು ನಾದವೇ ಅವರಿಗೆ ಬೇಕಾಗಿತ್ತು. ಹಾಡಿದವರ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಇವರ ಹೆಸರು ಆ ಸಂಸ್ಥೆಯ ತಟ್ಟೆಯೊಂದರ ಹೊದಿಕೆಯ ಮೇಲೆ ಅಚ್ಚಾಗಲು ಮಾರ್ವಿನ್ ಗೇ ಹಾಡಿದ ‘ವಾಟ್ಸ್ ಗೋಯಿಂಗ್ ಆನ್’ ಬರುವ ತನಕ, ಅಂದರೆ 1971ರವರೆಗೆ ಕಾಯಬೇಕಾಯಿತು. ಒಲೆಯ ಮುಂದೆ ನಿಂತವಳ ಹೆಸರು ಮದುವೆಯ ಲಗ್ನಪತ್ರಿಕೆಯಲ್ಲಿ ಬರುತ್ತದೆಯೇ? ಆದರೆ ಊಟ ನೆನಪಿರುತ್ತದೆ.

ಹುಡುಗ ನ್ಯಾಯಸ್ಥ. ಎದುರು ಪಕ್ಷದ ಉದಾಹರಣೆಯನ್ನೂ ಅವನೇ ಕೊಟ್ಟ. ಜಾಕೋ ಪಾಸ್ಟೋರಿಯಸ್ (1951–1987) ಮಿಂಚಿನಂತೆ ನುಡಿಸುತ್ತಿದ್ದರು. ಮೆಟ್ಟಿಲುಗಳಿಲ್ಲದ ಬೇಸ್ ಅವರ ಕೈಯಲ್ಲಿ ಹೊಸ ವಾದ್ಯವೇ ಆಯಿತು. ಅವರ ಮುದ್ರಿಕೆಯನ್ನು ನನಗೂ ಕೇಳಿಸಿದ. ವೇಗ ಬೆರಗಾಗುವಂಥದು, ನಿಜ. ಆದರೆ ನಡುವೆ ಒಂದು ಸ್ವರವನ್ನು ನಿಲ್ಲಿಸಿ ಹಾಡಿಸಿದರಲ್ಲ, ಆಗ ನನಗೆ ಅವರ ಗುರುತು ಸಿಕ್ಕಿತು. ಇಂಗ್ಲಿಷ್ ಸಂಗೀತದ ಗಂಧವಿಲ್ಲದ ನಾನು ಅದಾದ ಮೇಲೆ ಇನ್ನೊಂದು ಹಾಡಿನಲ್ಲಿ ಆ ನಾದವನ್ನು ಗುರುತಿಸಿದೆ. ವೇಗವನ್ನು ನೂರು ಜನ ನಕಲು ಮಾಡಿಯಾರು. ನಾದ ನುಡಿಸುವವರ ದನಿಯ ಹಾಗೆ, ಅವರದೇ. ವೇಗ ನಾದಕ್ಕೆ ಶತ್ರುವೇನಲ್ಲ, ಆದರೆ ಅದರ ಜಾಗ ಒಗ್ಗರಣೆಯದು. ಬೇಳೆ ಬೆಂದಿದ್ದರೆ ಒಗ್ಗರಣೆಯಿಂದ ಸಾರಿಗೆ ಕಳೆ. ಬೇಯದಿದ್ದರೆ ಎಷ್ಟು ಇಂಗು ಹಾಕಿದರೂ ಹೊಟ್ಟೆನೋವೇ.

ಆದ್ದರಿಂದ ಸ್ಪರ್ಧೆ ನಡೆಸುವವರಿಗೆ, ತೀರ್ಪು ಕೊಡುವವರಿಗೆ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಅಂಕಪಟ್ಟಿಯಲ್ಲಿ ನಾದಕ್ಕೆಂದು ಬೇರೆ ಕಲಂ ಇರಲಿ, ಅದಕ್ಕೆ ಅರ್ಧದಷ್ಟು ಅಂಕವಿರಲಿ. ಒಂದು ಸುತ್ತಾದರೂ ಮೈಕಿಲ್ಲದೆ, ಸಣ್ಣ ಕೋಣೆಯಲ್ಲಿ, ಚೌಕ ಕಾಲದಲ್ಲಿ ನಡೆಯಲಿ. ಮಗುವಿನ ಕೈ ಓಡದಿದ್ದರೆ “ಇನ್ನೂ ಅಭ್ಯಾಸ ಮಾಡಮ್ಮಾ” ಎನ್ನಿ; “ಏನು ಪ್ರಯೋಜನ” ಎನ್ನುವ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ.

ಇನ್ನು ತಾಯಂದಿರಿಗೆ. ಮಗಳು ಪಾಠದಿಂದ ಬಂದಾಗ “ಎಷ್ಟಾಯಿತು?” ಎಂದು ಕೇಳುವುದನ್ನು ಒಂದು ತಿಂಗಳು ನಿಲ್ಲಿಸಿ. ಬದಲಿಗೆ ಟಿ.ವಿ. ಆರಿಸಿ, ಕುಕ್ಕರಿನ ಕೂಗು ಅಡಗಿದ ಮೇಲೆ ಅವಳ ಎದುರು ಕೂತು, “ಮಂದ್ರದ ತಂತಿ ಒಂದು ಸಲ ಮೀಟೇ, ಕೇಳೋಣ” ಎನ್ನಿ. ಆ ನಾದ ಹುಟ್ಟಿ, ತುಂಬಿ, ತೆಳುವಾಗಿ, ಕೇಳಿಸಿತೋ ಇಲ್ಲವೋ ಎನ್ನುವಂತೆ ಕರಗುವವರೆಗೆ ಇಬ್ಬರೂ ಸುಮ್ಮನಿರಿ. ಮಾರನೆಯ ದಿನ ಅದು ಒಂದು ಗಳಿಗೆ ಹೆಚ್ಚು ನಿಂತರೆ ಆ ದಿನದ ಪಾಠ ಆದಂತೆಯೇ ಲೆಕ್ಕ. ಬೀರುವಿನ ಮೇಲೆ ನಿಮ್ಮದೇ ಹಳೆಯ ವೀಣೆಯಿದ್ದರೆ ಅದನ್ನೂ ಇಳಿಸಿ, ಧೂಳು ಒರೆಸಿ, ಹೊಸ ತಂತಿ ಹಾಕಿಸಿ. ಕೈ ಓಡುವುದಿಲ್ಲವೆಂದು ಸಂಕೋಚ ಬೇಡ. ಅದು ಓಡಬೇಕೆಂದು ಯಾರು ಹೇಳಿದರು?